ಕಲ್ಲಿಗೆ ಕಣ್ಣಿಟ್ಟವರು

ಬಟ್ಟೆ ಸರಿದಾಗ ನಾನು ಮೊದಲು ನೋಡಿದ್ದು ರೆಪ್ಪೆಗೂದಲನ್ನು. ಕಪ್ಪು ಬಣ್ಣದಲ್ಲಿ ಒಂದೊಂದಾಗಿ ಎಳೆದ, ತುದಿಯಲ್ಲಿ ಮೇಲಕ್ಕೆ ಬಾಗಿದ ರೆಪ್ಪೆಗೂದಲು. ಅದರ ಕೆಳಗೆ ಬಿಳಿ, ಬಿಳಿಯ ನಡುವೆ ನೀಲಿ, ನೀಲಿಯ ನಡುವೆ ಕಪ್ಪು, ಆ ಕಪ್ಪಿನ ಒಂದು ಬದಿಗೆ ಬೆಳಕು ಬಿದ್ದಂತೆ ಕಾಣಲೆಂದು ಇಟ್ಟ ಪುಟ್ಟ ಬಿಳಿ ಚುಕ್ಕೆ. ಕಲ್ಲು ನಾನು ಕೆತ್ತಿದ್ದು. ಕಣ್ಣು ನಾನು ಬರೆದದ್ದಲ್ಲ. ಆ ಜಾಗದಲ್ಲಿ ನಾನು ಮಾಡಿದ್ದು ಒಂದು ತೂತು. ಈ ಮಗ್ಗುಲಿಂದ ಆ ಮಗ್ಗುಲಿಗೆ ಹಾದುಹೋದ, ಮೊರದಷ್ಟು ಅಗಲದ, ನಾಲ್ಕು ಮೂಲೆಯ ತೂತು. ಅದನ್ನು ಯಾರೋ ಸಿಮೆಂಟಿನಿಂದ ಮುಚ್ಚಿ, ಅದರ ಮೇಲೆ ಕಣ್ಣು ಬರೆದಿದ್ದರು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಅಪ್ಪ ತಟ್ಟಲಿಲ್ಲ.

ಇದನ್ನು ಬರೆಯಲು ಕುಳಿತಾಗಲೆಲ್ಲ ಸಿಟ್ಟು ಬಂದು ಎದ್ದು ಹೋಗಿದ್ದೇನೆ. ಹಾಗಾಗಿ ಈ ಸಲ ನಿಧಾನವಾಗಿ, ನಡೆದ ಕ್ರಮದಲ್ಲೇ ಬರೆಯುತ್ತೇನೆ. ನಾನು ಕಂಡದ್ದು ಯಾವುದು, ಬೇರೆಯವರು ಹೇಳಿ ತಿಳಿದದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ.

ನಮ್ಮದು ಕಾರವಾರದ ತೆಂಕಣ ಬದಿಗೆ, ಅಲೆಯ ಸದ್ದು ಕೇಳುವಷ್ಟು ಹತ್ತಿರ ಇದ್ದ ಮೀನುಗಾರರ ಕೇರಿ. ನೌಕಾನೆಲೆಯ ಯೋಜನೆಗೆ ಜಾಗ ಹೋದ ಮೇಲೆ ತೋಡೂರಿನ ಪುನರ್ವಸತಿ ಕಾಲನಿಗೆ ಬಂದೆವು. ಆಗ ನಾನು ತೀರ ಚಿಕ್ಕವಳು. ಕಾಲನಿಯಲ್ಲಿ ಎಲ್ಲ ಮನೆಗಳೂ ಒಂದೇ ಅಳತೆಯವು, ರಸ್ತೆಗಳು ನೇರ, ಅಲೆಯ ಸದ್ದು ಮಾತ್ರ ಇಲ್ಲ. ಅಪ್ಪ ಮೀನು ಹಿಡಿಯುವುದನ್ನು ಬಿಡಲಿಲ್ಲ. ಬೆಳಿಗ್ಗೆ ಟೆಂಪೋ ಹತ್ತಿ ಕಡಲಿಗೆ ಹೋಗುತ್ತಿದ್ದರು. ಮೀನುಗಾರ ಟಿಕೀಟು ತೆಗೆದು ಸಮುದ್ರಕ್ಕೆ ಹೋಗುವುದನ್ನು ನೋಡಿ ಕಾಲನಿಯ ಹೆಂಗಸರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ನಗುತ್ತಿರಲಿಲ್ಲ.

ಮಧ್ಯಾಹ್ನ ಅಂಗಳದ ಎರಡು ಕಂಬಗಳ ನಡುವೆ ಬಲೆ ಕಟ್ಟಿ ಅಪ್ಪ ಹರಿದದ್ದನ್ನು ಸರಿಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಬಿದಿರಿನ ಚಪ್ಪಟೆ ಪಟ್ಟಿಯನ್ನು ಹಿಡಿಯುತ್ತಿದ್ದೆ. ಆ ಪಟ್ಟಿಗೆ ದಾರ ಸುತ್ತಿ ಗಂಟು ಹಾಕಿದರೆ ಪ್ರತಿ ಕಿಂಡಿಯೂ ಒಂದೇ ಅಳತೆಗೆ ಬರುತ್ತದೆ. ಆ ಕಿಂಡಿಗೆ ನಮ್ಮಲ್ಲಿ ಕಣ್ಣು ಎನ್ನುತ್ತಾರೆ. ಬೇರೆ ಶಬ್ದವೇ ಇಲ್ಲ. ಕಣ್ಣು ಹರಿದಿದೆ, ಕಣ್ಣು ಸಡಿಲಾಗಿದೆ, ಈ ಬಲೆಯದು ದೊಡ್ಡ ಕಣ್ಣು, ಬಂಗಡೆ ಮೀನಿಗೆ ಆಗುತ್ತದೆ, ಸಣ್ಣ ಬೆಳಂಜಿಗೆ ಆಗುವುದಿಲ್ಲ. ಮನೆಯಲ್ಲಿ ದಿನವಿಡೀ ಕಣ್ಣಿನ ಮಾತೇ. ಆಯಿ ಮಸಾಲೆ ಅರೆಯುತ್ತ ಒಳಗಿನಿಂದ ಕೇಳುತ್ತಿದ್ದಳು, "ಕಣ್ಣು ಎಷ್ಟ್ ಆಯ್ತು ನೋಡ್ರೋ, ಊಟಕ್ಕೆ ಏಳ್ತ್ರೋ ಇಲ್ವೋ?"

ಬಲೆಯಲ್ಲಿ ಕಣ್ಣೆಂದರೆ ಏನೂ ಇಲ್ಲದ ಜಾಗ. ದಾರ ಇರುವುದು ಆ ಜಾಗಕ್ಕೆ ಅಂಚು ಕೊಡಲಿಕ್ಕೆ. ಯಾವ ಮೀನು ಒಳಗೆ ಉಳಿಯಬೇಕು, ಯಾವುದು ಹೊರಗೆ ಹೋಗಿ ಇನ್ನೊಂದು ಮಳೆಗಾಲ ಬದುಕಬೇಕು ಎಂದು ತೀರ್ಮಾನಿಸುವುದು ಆ ಜಾಗ. ಈಗ ಹೀಗೆ ಬರೆಯುತ್ತಿದ್ದೇನೆ, ಆಗ ನನಗೆ ಇಷ್ಟೆಲ್ಲ ಹೊಳೆದಿರಲಿಲ್ಲ. ಆಗ ಕಂಡದ್ದು ಇಷ್ಟೇ: ಬಲೆಯನ್ನು ಎಳೆದರೆ ಕಣ್ಣು ನೀಳವಾಗುತ್ತದೆ, ಬಿಟ್ಟರೆ ಚೌಕವಾಗುತ್ತದೆ, ಅದರೊಳಗಿಂದ ಆಚೆ ಮನೆಯ ಗೋಡೆ ಕಾಣುತ್ತದೆ. ಹಳೆಯ ಕೇರಿಯಲ್ಲಿದ್ದಾಗ ಸಮುದ್ರ ಕಾಣುತ್ತಿತ್ತು.

ದೊಡ್ಡ ಯಾಂತ್ರಿಕ ದೋಣಿಗಳು ಮರಿಮೀನನ್ನೂ ಬಿಡದೆ ಬಳಿಯುವುದನ್ನು ಕಂಡು ಅಪ್ಪ ಉರಿಯುತ್ತಿದ್ದರು. "ಸೊಳ್ಳೆ ಪರದೆ ಕಟ್ಕಂಡಿ ಸಮುದ್ರ ಗುಡಿಸ್ತ್ರು. ಕಣ್ಣಿಲ್ದ ಬಲೆ ಬೀಸೂಕೆ ಇವ್ರಿಗೆ ನಾಚ್ಕೆ ಆಗೂದಿಲ್ವಾ?"

ಚಿತ್ರಕಲೆ ಕಲಿಯಲು ಧಾರವಾಡಕ್ಕೆ ಹೋದೆ. ಅಲ್ಲಿ ಮಣ್ಣಿನಲ್ಲಿ ಮುಖ, ಕೈ, ಪಾದ ಎಲ್ಲ ಮಾಡಿದೆ. ಚೆನ್ನಾಗಿಯೇ ಬರುತ್ತಿದ್ದವು. ಆದರೆ ಕಲ್ಲು ಕೈಗೆ ಬಂದ ಮೇಲೆ ನಾನು ಮಾಡಿದ್ದೆಲ್ಲ ತೂತುಗಳೇ. ಓರೆ ತೂತು, ಎರಡು ಕಡೆಯಿಂದ ಬಂದು ನಡುವೆ ಕೂಡುವ ತೂತು, ಒಳಗೆ ಅಗಲವಾಗಿ ಹೊರಗೆ ಕಿರಿದಾದ ತೂತು. ಅದಕ್ಕೆ ಅಮೂರ್ತ ಎನ್ನುತ್ತಾರೆಂದು ಅಲ್ಲಿ ತಿಳಿಯಿತು. ನಾನು ಆ ಶಬ್ದವನ್ನು ಒಪ್ಪಿಕೊಂಡೆ, ಅರ್ಜಿಗಳಲ್ಲಿ ಬರೆದೂ ಬರೆದೆ. ಒಳಗೊಳಗೆ ಮಾತ್ರ ಸಿಟ್ಟು ಬರುತ್ತಿತ್ತು. ಬಲೆಯ ಕಣ್ಣಿನಷ್ಟು ಮೂರ್ತವಾದದ್ದು ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ. ನಾವು ಉಂಡದ್ದು ಅದರಿಂದಲೇ.

ಓದು ಮುಗಿದ ಮೇಲೆ ಮಲ್ಲಾಪುರದ ಒಂದು ಶಾಲೆಯಲ್ಲಿ ಚಿತ್ರ ಕಲಿಸಿದೆ. ಅಣುವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನ ಮಕ್ಕಳು "ಅಕ್ಕೋರೇ, ಅಕ್ಕೋರೇ" ಎಂದು ಬೆನ್ನು ಹತ್ತುತ್ತಿದ್ದರು. ಅವರಿಗೆ ಆನೆ, ನವಿಲು, ಸೂರ್ಯೋದಯ ಬರೆಸಿ, ಉಳಿದ ಹೊತ್ತಿನಲ್ಲಿ ಬಾಡಿಗೆ ಮನೆಯ ಹಿತ್ತಲಲ್ಲಿ ಕಲ್ಲು ಕುಟ್ಟುತ್ತಿದ್ದೆ. ಕಾರವಾರದ ಒಂದು ಸಭಾಂಗಣದಲ್ಲಿ ನನ್ನ ಮೊದಲ ಪ್ರದರ್ಶನ ಆಯಿತು. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ, ನಡುವಿನ ಕಲ್ಲಿನ ಮೇಲೆ ಚಹದ ಫ್ಲಾಸ್ಕು, ಅದರ ತೂತಿನಲ್ಲಿ ಕಾಗದದ ಲೋಟಗಳ ಕಟ್ಟು. ಇಟ್ಟವನನ್ನು ಹುಡುಕಿ ಕೇಳಿದೆ. ಅವನು ಗಾಬರಿಯಾದ. "ಅಯ್ಯೋ ಮೇಡಂ, ಇದು ಸ್ಟ್ಯಾಂಡ್ ಅಲ್ದಾ? ಲೋಟ ಇಡೂಕೆ ಸರಿಯಾಗಿ ತೂತು ಬೇರೆ ಇತ್ತಲ್ಲ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಉದ್ಘಾಟನೆಗೆ ಬಂದು ಶಿಲ್ಪಕಲೆಯ ಮೇಲೆ ಬಹಳ ಹೊತ್ತು ಮಾತಾಡಿದ ಗಣ್ಯರು ಅದೇ ಫ್ಲಾಸ್ಕಿನಿಂದ ಚಹ ಬಗ್ಗಿಸಿಕೊಂಡು, ಖಾಲಿ ಲೋಟವನ್ನು ಅದೇ ಕಲ್ಲಿನ ಮೇಲೆ ಇಟ್ಟು ಹೋದರು. ಅವರ ಮೇಲೆ ಬಂತು.

ಶಾಲೆ ಬಿಟ್ಟು ಅಂಕೋಲೆಗೆ ಬಂದೆ. ಹೆದ್ದಾರಿಯ ಪಕ್ಕ ಕೆಂಪು ಚಿರೇಕಲ್ಲು ಮಾರುವ ಅಂಗಡಿಯ ಹಿಂದೆ ಒಂದು ಶೆಡ್ಡು ಸಿಕ್ಕಿತು. ರಸ್ತೆ ಅಗಲ ಮಾಡಲು ಗುಡ್ಡ ಒಡೆದಿದ್ದರು. ಒಡೆದ ಬಂಡೆಗಳು ಅಲ್ಲಲ್ಲಿ ಬಿದ್ದಿದ್ದವು. ಅಂಥದೊಂದು ಆಳೆತ್ತರದ ಕರಿಬಂಡೆಯನ್ನು ಕೇಳಿ ತರಿಸಿಕೊಂಡೆ. ಅಪ್ಪ ನೋಡಲು ಬಂದವರು ಅದರ ಸುತ್ತ ಒಂದು ಸುತ್ತು ಬಂದರು.

"ಇದಕ್ಕೆ ಎಂತ ಮಾಡ್ತೆ?"

"ತೂತು ಮಾಡ್ತೆ."

"ಆಮೇಲೆ?"

"ಆಮೇಲೆ ಎಂತದೂ ಇಲ್ಲ. ಅಷ್ಟೇ."

"ತೂತು ಮಾಡೂಕೆ ಧಾರವಾಡದ ತನಕ ಹೋಗ್ಬೇಕಾಗಿತ್ತನೇ? ನಮ್ಮನೆ ಹಂಚಿನ ಮಾಡಲ್ಲೇ ಬೇಕಾದಷ್ಟಿತ್ತಲ್ಲೆ."

ಶೆಡ್ಡಿನ ಯಜಮಾನನಿಗೂ ಈ ಮಾತನ್ನು ಹೇಳಿ ಇಬ್ಬರೂ ನಕ್ಕರು. ಅಪ್ಪನಿಗೆ ನನ್ನ ಕೆಲಸ ಎಂದೂ ಹಿಡಿಸಿದ್ದಿಲ್ಲ. ಮುಖ ಮಾಡುವುದು ಗೊತ್ತಿದ್ದೂ ಯಾಕೆ ಮಾಡುವುದಿಲ್ಲ ಎಂಬುದು ಅವರ ತಕರಾರು.

ಕರಿಕಲ್ಲಿನಲ್ಲಿ ತೂತು ಮಾಡುವುದೆಂದರೆ ಅಂಚಿನ ಗೆರೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಬೈರಿಗೆ ತೂತು ಕೊರೆಯಬೇಕು, ನಡುವಿನ ಭಾಗವನ್ನು ಬೆಣೆ ಹೊಡೆದು ಕೆಡವಬೇಕು, ಆಮೇಲೆ ಒಳಮೈಯನ್ನು ಉಳಿಯಿಂದ ಸಮ ಮಾಡುತ್ತ ಹೋಗಬೇಕು. ಅವಸರ ಮಾಡಿದರೆ ಬಂಡೆ ಇಡಿಯಾಗಿ ಸೀಳುತ್ತದೆ. ನಾಲ್ಕು ಅಂಚುಗಳನ್ನು ನಾನು ತುಸು ಒಳಕ್ಕೆ ಬಾಗಿಸಿದೆ, ಭಾರ ಎಳೆಯುತ್ತಿರುವ ಬಲೆಯಲ್ಲಿ ದಾರ ಬಾಗುವ ಹಾಗೆ. ಉಳಿದ ಮೈಯನ್ನು ಗುಡ್ಡ ಒಡೆದಾಗ ಹೇಗಿತ್ತೋ ಹಾಗೇ ಬಿಟ್ಟೆ. ಒಳಮೈಯನ್ನು ಮಾತ್ರ ಕೈ ಆಡಿಸಿದರೆ ಜಾರುವಷ್ಟು ನಯ ಮಾಡಿದೆ. ಒಂದು ಮಳೆಗಾಲ ಪೂರ್ತಿ ಅದಕ್ಕೇ ಹೋಯಿತು.

ಅಂಕೋಲೆಯಲ್ಲಿ ಕೆಲವು ವ್ಯಾಪಾರಸ್ಥರು, ನಿವೃತ್ತರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ಕಡಲಿಗೆ ಹೋಗುವ ರಸ್ತೆಯ ಕೊನೆಗೆ ಪುಟ್ಟ ಉದ್ಯಾನ ಮಾಡುವುದು ಅವರ ಯೋಜನೆ. ಸಮಿತಿಯ ಅಧ್ಯಕ್ಷರಿಗೆ ಸಿಮೆಂಟು, ಬಣ್ಣ, ಕಬ್ಬಿಣದ ಅಂಗಡಿ. ಅವರು ಶೆಡ್ಡಿಗೆ ಬಂದು ಬಂಡೆಯನ್ನು ನೋಡಿ, ಅಂಗೈಯಿಂದ ಎರಡು ಸಲ ತಟ್ಟಿ, "ಗಟ್ಟಿ ಅದೆ. ಯಾರೂ ಎತ್ಕಂಡಿ ಹೋಗೂದಿಲ್ಲ" ಎಂದರು. ಸಾರ್ವಜನಿಕ ಜಾಗದಲ್ಲಿ ನಿಲ್ಲಲಿದ್ದ ನನ್ನ ಮೊದಲ ಕೆಲಸಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ನನಗೆ ಸಂತೋಷವೇ ಆಯಿತು.

ಕ್ರೇನಿನಲ್ಲಿ ಒಯ್ದು ನಿಲ್ಲಿಸಿದ ದಿನ ನಾನೇ ಇದ್ದು ದಿಕ್ಕು ಹೇಳಿದೆ. ರಸ್ತೆಯಿಂದ ಬರುವವರಿಗೆ ತೂತಿನೊಳಗೆ ಸಮುದ್ರದ ಒಂದು ತುಂಡು, ಅದರ ಮೇಲೆ ಆಕಾಶದ ಒಂದು ತುಂಡು ಕಾಣಬೇಕು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಕ್ರೇನಿನವನನ್ನು ಗೋಳು ಹೊಯ್ದುಕೊಂಡೆ. ಕೊನೆಗೆ ಕಂಡಿತು. ಒಂದು ದೋಣಿ ಆ ಚೌಕದ ಒಂದು ಅಂಚಿನಿಂದ ಒಳಗೆ ಬಂದು ಇನ್ನೊಂದು ಅಂಚಿನಿಂದ ಹೊರಗೆ ಹೋಯಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಆಮೇಲೆ ಒಂದು ಶಿಬಿರಕ್ಕೆಂದು ಧಾರವಾಡಕ್ಕೆ ಹೋದೆ. ಅಲ್ಲಿಗೆ ಅಧ್ಯಕ್ಷರ ಫೋನ್ ಬಂತು. "ಬೋರ್ಡ್ ಬರ್ಸೂಕೆ ಕೊಡ್ಬೇಕು. ಹೆಸರೆಂತ ಇಡೂದು?"

"ಕಣ್ಣು."

"ಕಣ್ಣಾ?"

"ಹೌದು. ಕಣ್ಣು."

"ಒಳ್ಳೇ ಹೆಸ್ರು" ಎಂದರು. ಸ್ವಲ್ಪ ತಡೆದು, "ಹಂಗಾರೆ ಉಳ್ದದ್ದು ನಾವು ನೋಡ್ಕಂತ್ರು" ಎಂದರು. ಉಳಿದದ್ದು ಎಂದರೆ ಬೋರ್ಡು, ಹೂವಿನ ಕುಂಡ, ಶಾಮಿಯಾನ ಎಂದು ನಾನು ತಿಳಿದೆ. ಕಡಲ ದಂಡೆಯ ಊರಿನವರಿಗೆ ಬಲೆಯ ಕಣ್ಣನ್ನು ಬಿಡಿಸಿ ಹೇಳಬೇಕೆಂದು ಯಾರಿಗಾದರೂ ಯಾಕೆ ಹೊಳೆಯಬೇಕು?

ಉದ್ಘಾಟನೆಯ ಬೆಳಿಗ್ಗೆ ಅಪ್ಪನನ್ನು ತೋಡೂರಿನಿಂದ ಕರೆದುಕೊಂಡು ನೇರ ಅಲ್ಲಿಗೆ ಹೋದೆ. ಕಲ್ಲಿಗೆ ಬಟ್ಟೆ ಮುಚ್ಚಿತ್ತು. ಬುಡದಲ್ಲಿ ಒಡೆದ ತೆಂಗಿನಕಾಯಿ, ಅರಿಶಿನ, ಹೂವು ಇದ್ದವು. ಪೂಜೆ ಆಗಿದೆ ಎಂದುಕೊಂಡೆ. ಏನು ಪೂಜೆ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ಗಣಪತಿ ಮಾಡುವ ಮನೆಗಳಲ್ಲಿ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣು ಬರೆಯುವವರೆಗೆ ಅದು ಮಣ್ಣು, ಬರೆದ ಮೇಲೆ ದೇವರು. ಕಣ್ಣು ಎಂದು ಹೆಸರಿಟ್ಟು ಕಣ್ಣಿನ ಜಾಗದಲ್ಲಿ ಗುಂಡಿ ಬಿಟ್ಟು ಹೋದ ನನ್ನನ್ನು ಕಂಡು ಸಮಿತಿಯವರಿಗೆ ಪಾಪ ಅನಿಸಿತಂತೆ. ಅರ್ಧಕ್ಕೆ ನಿಂತ ಮೂರ್ತಿ ಊರಿಗೆ ಒಳ್ಳೆಯದಲ್ಲ ಎಂದು ಯಾರೋ ಹೇಳಿದರಂತೆ. ಗಣಪತಿ ಮಾಡುವವರೊಬ್ಬರನ್ನು ಕರೆಸಿ, ಅಂಗಡಿಯಿಂದ ಸಿಮೆಂಟು ಬಣ್ಣ ಕೊಟ್ಟು, ಕಣ್ಣು ಮಾಡಿಸಿ, ಪೂಜೆಯನ್ನೂ ಮಾಡಿಸಿದ್ದರು.

ಬಟ್ಟೆ ಸರಿಯಿತು, ಚಪ್ಪಾಳೆ ಮುಗಿಯಿತು. ಅಧ್ಯಕ್ಷರು ಪಕ್ಕಕ್ಕೆ ಬಂದು ಮೆಲ್ಲಗೆ, "ಹ್ಯಾಂಗದೆ? ನಿಮ್ಗೆ ಟೈಮ್ ಸಾಕಾಗ್ಲಿಲ್ಲ ಕಾಣ್ತದೆ ಹೇಳಿ ನಾವೇ ಮುಗ್ಸಿದ್ವು" ಎಂದರು.

"ಅದು ಮುಗಿದಿತ್ತು. ಕಣ್ಣು ಅಂದ್ರೆ ಬಲೆ ಕಣ್ಣು."

ಅವರು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. "ಬಲೆ ಎಲ್ಲದೆ?"

ಅಪ್ಪ ನಡುವೆ ಬಾಯಿ ಹಾಕಿದರು. "ಬಲೆ ಕಣ್ಣು ಗೊತ್ತಿಲ್ವಾ ನಿಮ್ಗೆ? ಅಂಕೋಲೆಯವ್ರೇ ಹೌದೋ ಅಲ್ವೋ?"

"ನಾವು ಮೀನು ತಿಂಬವ್ರು ಮಾರಾಯ್ರೆ, ಬಲೆ ಕಟ್ಟುವವ್ರಲ್ಲ" ಎಂದು ಅಧ್ಯಕ್ಷರು ನಕ್ಕರು. ಹಿಂದೆ ನಿಂತವರೂ ನಕ್ಕರು. ಆ ನಗುವಿನಲ್ಲಿ ಏನಿತ್ತು ಎಂಬುದು ಅಪ್ಪನಿಗೂ ತಿಳಿಯಿತು, ನನಗೂ ತಿಳಿಯಿತು.

ನನ್ನನ್ನು ಎರಡು ಮಾತಾಡಲು ಕರೆದರು. ನಾನು ಮೈಕಿನ ಮುಂದೆ ಹೇಳಿದ್ದು ಇಷ್ಟು: "ಇಲ್ಲಿ ತೂತಿತ್ತು. ಆ ತೂತೇ ನಾನು ಮಾಡಿದ ಕೆಲಸ. ಅದನ್ನು ಮುಚ್ಚಿದ್ದಾರೆ. ದಯವಿಟ್ಟು ತೆಗೆಸಿ." ನಿರೂಪಣೆ ಮಾಡುತ್ತಿದ್ದವರು ಮೈಕನ್ನು ಹಿಂದಕ್ಕೆ ತೆಗೆದುಕೊಂಡು, "ಕಲಾವಿದರ ವಿನಯ ನೋಡಿ, ತಾನು ಮಾಡಿದ್ದು ಬರೀ ತೂತು ಅಂತಾರೆ" ಎಂದರು. ಮತ್ತೆ ಚಪ್ಪಾಳೆ. ಎಳೆ ಹುಡುಗಿಯರು ಕಣ್ಣಿನ ಮುಂದೆ ನಿಂತು ತಮ್ಮ ಕಣ್ಣನ್ನೂ ಅಗಲಿಸಿ ಫೋಟೋ ತೆಗೆಸಿಕೊಂಡರು.

ಕಣ್ಣು ಬರೆದವರ ಮನೆ ಅಲ್ಲೇ ಹತ್ತಿರ. ಜಗಳ ಮಾಡಬೇಕೆಂದೇ ಹೋದೆ. ಅವರು ವಯಸ್ಸಾದವರು, ಚಾವಡಿಯಲ್ಲಿ ಮಣ್ಣು ನಾದುತ್ತ ಕುಳಿತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿತು. "ಬಾ ತಂಗಿ, ಕೂತ್ಕ. ನೋಡ್ದ್ಯಾ? ಸಮಾ ಬಂತಾ? ನೀನು ಹೇಳ್ಕಳ್ಸಿದ ಹಾಂಗೇ ಮಾಡೀದೆ."

"ನಾನು ಹೇಳಿ ಕಳಿಸ್ಲಿಲ್ಲ."

"ಆ ಅಂಗ್ಡಿಯವ್ರು ಹಂಗೇ ಅಂದ್ರಲ್ಲ. ಆ ಹುಡ್ಗಿ ಫೋನ್ ಮಾಡಿ ಕಣ್ಣು ಅಂದೀದು, ಅವ್ಳಿಗೆ ಬರೂಕೆ ಆಗೂದಿಲ್ಲ, ನೀವೇ ಮಾಡಿ ಹೇಳಿ."

ನಾನು ತೂತಿನ ವಿಷಯ ಹೇಳಿದೆ. ಅವರು ಮಣ್ಣಿನ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದರು. "ಒಳಮೈ ಅಷ್ಟ್ ನಯ ಮಾಡಿದ್ದು ಎಂತಕೆ ಹೇಳಿ ನಂಗೂ ಅನ್ಸಿತ್ತು" ಎಂದರು. ಆಮೇಲೆ ಹೇಳಿದ ಮಾತು ನನ್ನ ಎದೆಯನ್ನು ಒಡೆಯಿತು. ನಯವಾದ ಕಲ್ಲಿಗೆ ಸಿಮೆಂಟು ಹಿಡಿಯುವುದಿಲ್ಲವೆಂದು ಅವರು ನಾಲ್ಕೂ ಒಳಮೈಗೆ ತೂತು ಕೊರೆದು ಕಬ್ಬಿಣದ ಸರಳು ಕೂರಿಸಿದ್ದರು. "ಎಷ್ಟ್ ವರ್ಷಕ್ಕೂ ಬೀಳೂದಿಲ್ಲ" ಎಂದರು, ಈ ಸಲ ಹೆಮ್ಮೆಯಿಂದ ಅಲ್ಲ.

ತೆಗೆಯಲು ಅವರೇ ಒಪ್ಪಿದರು. ಮರುದಿನ ಬೆಳಿಗ್ಗೆ ನಾವಿಬ್ಬರೂ ಉಳಿ, ಸುತ್ತಿಗೆ ತೆಗೆದುಕೊಂಡು ಹೋದೆವು. ರೆಪ್ಪೆಯ ಒಂದು ಮೂಲೆ ಉದುರುವಷ್ಟರಲ್ಲಿ ಜನ ಸೇರಿದರು. ಅಧ್ಯಕ್ಷರು ಸ್ಕೂಟರಿನಲ್ಲಿ ಬಂದರು.

"ಇದು ಸಾರ್ವಜನಿಕರ ಸ್ವತ್ತು. ಪೂಜೆ ಆದದ್ದು. ಕೈ ಹಚ್ಚಿದ್ರೆ ಪೊಲೀಸ್ರಿಗೆ ಹೇಳ್ಬೇಕಾಗ್ತದೆ."

"ಕಲ್ಲಿಗೆ ಕೈ ಹಚ್ಚುವಾಗ ನನ್ನನ್ನು ಕೇಳಿದ್ರಾ?"

"ನಿಮ್ಮನ್ನೇ ಕೇಳಿ ಮಾಡೀದು. ಕಣ್ಣು ಅಂದವ್ರು ಯಾರು? ನಾನಾ?"

ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸೊಬ್ಬಳನ್ನು ನಾನು ಕೇಳಿದೆ, ನೀವಾದರೂ ಹೇಳಿ, ಬಲೆಯ ಕಣ್ಣು ಹೀಗಿರುತ್ತದೆಯೇ? ಅವಳು ಕಲ್ಲನ್ನು ಚೆನ್ನಾಗಿ ನೋಡಿದಳು. "ಬಲೆ ಕಣ್ಣು ನಂಗೆ ಗೊತ್ತಿಲ್ವಾ? ಹಂಗಿರೂದಿಲ್ಲ. ಆದ್ರೆ ತಂಗಿ, ನಂಗೆ ಹಿಂಗೇ ಚೆಂದ ಕಾಣ್ತದೆ." ಜನ ನಕ್ಕರು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ತನಗೆ ಅನಿಸಿದ್ದನ್ನು ಹೇಳಿದಳು, ಯಾರ ಕಲ್ಲನ್ನೂ ಮುಚ್ಚಲಿಲ್ಲ.

ಅಧ್ಯಕ್ಷರಿಗೆ ಆ ನಗುವಿನಿಂದ ಧೈರ್ಯ ಬಂತು. "ಬೇಡಾದ್ರೆ ನಿಮ್ಮ ಕಲ್ಲು ನೀವು ತಗಂಡಿ ಹೋಗಿ" ಎಂದರು. ಹೋಗಲಾರಳು ಎಂದು ಲೆಕ್ಕ ಹಾಕಿಯೇ ಹೇಳಿದ್ದು. ನಾನೂ ಸ್ವಲ್ಪ ಹೊತ್ತು ಹಾಗೇ ಲೆಕ್ಕ ಹಾಕುತ್ತ ನಿಂತೆ. ಬಿಟ್ಟರೆ ನನ್ನ ಹೆಸರಿನ ಬೋರ್ಡಿನ ಪಕ್ಕ ನನ್ನದಲ್ಲದ ಕಣ್ಣು ಊರಿನವರನ್ನು ನೋಡುತ್ತ ಇರುತ್ತದೆ. ಒಯ್ದರೆ ತೂತು ಸಿಗುತ್ತದೆ, ಸಮುದ್ರ ಸಿಗುವುದಿಲ್ಲ. ಆಗ ಯಾರೋ ಒಬ್ಬ ಕಣ್ಣಿನ ಮೇಲೆ ಬಿದ್ದ ಸಿಮೆಂಟಿನ ಹುಡಿಯನ್ನು ಟವೆಲಿನಿಂದ ಒರೆಸತೊಡಗಿದ. ಒರೆಸುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಚಿರೇಕಲ್ಲಿನ ಅಂಗಡಿಯವನಿಗೆ ಫೋನ್ ಮಾಡಿ ಕ್ರೇನು ಕರೆಸಿದೆ.

ಕಲ್ಲು ಮೇಲೇಳುವಾಗ ಅಧ್ಯಕ್ಷರು, "ಸಿಟ್ಟಿನ ಕೈಲಿ ಬುದ್ಧಿ ಕೊಡ್ಬೇಡಿ ಮೇಡಂ" ಎಂದು ಎರಡು ಸಲ ಹೇಳಿದರು. ದನಿಯಲ್ಲಿ ನಿಜವಾದ ಕಳವಳವಿತ್ತು ಎಂಬುದನ್ನೂ ಬರೆಯಬೇಕು. ತಾವು ಮಾಡಿದ್ದು ಏನೆಂದು ಅವರಿಗೆ ಅಂದೂ ತಿಳಿದಿರಲಿಲ್ಲ, ಇಂದಿಗೂ ತಿಳಿದಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ್ದಲ್ಲವೇ ಎಂದು ನನ್ನ ಪರಿಚಯದವರೇ ಎಷ್ಟೋ ಜನ ಕೇಳಿದ್ದಾರೆ. ಒಳ್ಳೆಯ ಮನಸ್ಸಿನವರು ಹೋಗಿ ಯಾರದಾದರೂ ಬಲೆಯ ಕಣ್ಣುಗಳಿಗೆಲ್ಲ ಮೇಣ ಮೆತ್ತಿ ಬರಲಿ, ಆಮೇಲೆ ಮಾತಾಡೋಣ ಎಂದು ನಾನು ಉತ್ತರ ಕೊಟ್ಟಿದ್ದೇನೆ. ನನಗೆ ಒರಟುತನ ಜಾಸ್ತಿಯಾಗಿದೆ ಎನ್ನುತ್ತಾರೆ. ಆಗಿರಬಹುದು.

ಶೆಡ್ಡಿನಲ್ಲಿ ಕಣ್ಣನ್ನು ತೆಗೆದವರು ಅದನ್ನು ಬರೆದವರೇ. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ನಂದು ನಾನೇ ಒಡೀತೆ" ಎಂದರು. ಇಡಿಯಾಗಿ ತೆಗೆಯಲು ನೋಡಿದರು, ಆಗಲಿಲ್ಲ. ನೀಲಿ ಒಂದು ಕಡೆ, ಬಿಳಿ ಒಂದು ಕಡೆ ಚೂರಾಗಿ ಬಿತ್ತು. ಸರಳು ಕತ್ತರಿಸಿ ಎಳೆದ ಮೇಲೆ ನನ್ನ ನಯವಾದ ಒಳಮೈಯಲ್ಲಿ ಬೆರಳು ಹೋಗುವಷ್ಟು ಗುಳಿಗಳು ಉಳಿದವು. ಕೆಳಗಿನ ಅಂಚಿನಿಂದ ಒಂದು ಚಕ್ಕೆಯೂ ಎದ್ದಿತು. ಅವನ್ನು ನಾನು ತುಂಬಿಲ್ಲ. ತುಂಬಲು ಹಲವರು ಹೇಳಿದರು. ಕಲ್ಲಿನ ಹುಡಿಗೆ ಅಂಟು ಕಲಸಿ ಮೆತ್ತಿದರೆ ಗೊತ್ತೇ ಆಗುವುದಿಲ್ಲವಂತೆ. ಗೊತ್ತಾಗಲಿ.

ಉದ್ಯಾನದ ಖಾಲಿ ಪೀಠದ ಮೇಲೆ ಈಗ ಸಿಮೆಂಟಿನ ಡಾಲ್ಫಿನ್ ಇದೆ. ಮಾಡಿದವರು ಕಣ್ಣು ಬರೆದವರೇ. ಮಾಡುವ ಮೊದಲು ಫೋನ್ ಮಾಡಿ, "ಹೊಟ್ಟೆಪಾಡು ತಂಗಿ, ಬೇಜಾರ್ ಮಾಡ್ಕಬೇಡ" ಎಂದರು. ನನಗೆ ಬೇಜಾರಿಲ್ಲ. ಚೆನ್ನಾಗಿಯೇ ಮಾಡಿದ್ದಾರೆ ಎಂದು ಕೇಳಿದ್ದೇನೆ, ನಾನು ಆ ಕಡೆ ಹೋಗಿಲ್ಲ.

ಕಲ್ಲು ಶೆಡ್ಡಿನ ಬಾಗಿಲಲ್ಲಿ ನಿಂತಿದೆ. ತೂತಿನಿಂದ ನೋಡಿದರೆ ಮಾರಾಟಕ್ಕಿಟ್ಟ ಚಿರೇಕಲ್ಲಿನ ರಾಶಿ ಕಾಣುತ್ತದೆ. ಅಪ್ಪ ಒಮ್ಮೆ ಬಂದಾಗ ಅದರ ಮುಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಕೆಲಸವನ್ನು ಬಗ್ಗಿ ನೋಡಿದ್ದು ಅದೇ ಮೊದಲು. "ಅಲ್ಲೇ ಇರ್ಬೇಕಾಗಿತ್ತು ಇದು" ಎಂದಷ್ಟೇ ಹೇಳಿ ಹೊರಗೆ ಹೋದರು. ನೀನು ಗೆದ್ದೆ ಎನ್ನುವವರ ಮಾತಿಗಿಂತ ಅದು ನಿಜ.

ಮೊನ್ನೆ ಕಾರವಾರದಿಂದ ಒಬ್ಬರ ಫೋನ್ ಬಂತು. ಹೊಸ ಬಡಾವಣೆ ಮಾಡುತ್ತಿದ್ದಾರಂತೆ, ಮುಂದುಗಡೆ ನಿಲ್ಲಿಸಲು ಕಲ್ಲು ಬೇಕಂತೆ. ಅಲ್ಲಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳಿದೆ. ಕಾಣುತ್ತದೆ ಎಂದರು. ಹೆಸರು ಕೇಳಿದರು. ನಮ್ಮ ಅಂಗಳದಲ್ಲಿ ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತಿದ್ದ ಒಂದು ಶಬ್ದವನ್ನು ನಾನು ಈಗ ಬಿಡಿಸಿ ಬಿಡಿಸಿ ಹೇಳಬೇಕಾಯಿತು. "ಕಣ್ಣು. ಮುಖದ ಕಣ್ಣಲ್ಲ. ಬಲೆಯ ಕಣ್ಣು. ಸಣ್ಣ ಮೀನು ಹೊರಗೆ ಹೋಗುವ ಕಿಂಡಿ." ಅವರು ಬರೆದುಕೊಂಡರು. ಬರೆದದ್ದನ್ನು ಓದಿಸಿ ಕೇಳಿದೆ. ಸರಿಯಾಗಿತ್ತು.

"ಆದ್ರೆ ಮೇಡಂ, ಆ ತೂತು ಹಂಗೇ ಇರ್ತದಾ, ಇಲ್ಲ ಗಾಜು ಕೂರಿಸ್ತ್ರಾ?" ಎಂದು ಕೇಳಿದರು.

"ಹಂಗೇ ಇರ್ತದೆ" ಎಂದೆ.

ಆಯಿತು, ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ.